ಮಧುಮೇಹವೂ ಮೂತ್ರಪಿಂಡವೂ

ನಾನು ಪ್ರೌಢಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ಪ್ರತಿ ಭಾನುವಾರ ಬೆಳಗ್ಗೆ ನಮ್ಮ ಮನೆಯ ಹಿತ್ತಿಲ ಜಗಲಿಯ ಮೇಲೆ ಒಂದು ಸಣ್ಣ ಹೋಮವೇ ನಡೆಯುತ್ತಿತ್ತು. ಒಂದು ಸ್ಪಿರಿಟ್ ದೀಪ, ಒಂದು ಗಾಜಿನ ಪ್ರನಾಳ, ಅದನ್ನು ಹಿಡಿಯಲು ಮರದ ಇಕ್ಕಳ, ಸೀಸೆಯಲ್ಲಿ ನೀಲಿ ಬಣ್ಣದ ದ್ರಾವಣ. ನಮ್ಮ ತಂದೆಯವರಿಗೆ ಮಧುಮೇಹವಿತ್ತು. ಪ್ರನಾಳದಲ್ಲಿ ಆ ನೀಲಿ ದ್ರಾವಣವನ್ನು ಹಾಕಿ, ಎಂಟು ತೊಟ್ಟು ಮೂತ್ರವನ್ನು ಬಿಟ್ಟು, ಕುದಿಯುವವರೆಗೆ ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲವೆಂದು ಅರ್ಥ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನಷ್ಟು, ಇಟ್ಟಿಗೆಯ ಕೆಂಪಾದರೆ ಆ ದಿನ ಮನೆಯೆಲ್ಲ ಮೌನ. ನೀಲಿ ಉಳಿದ ದಿನ ಮಾತ್ರ ತಂದೆಯವರು ಅಮ್ಮನ ಕಡೆ ತಿರುಗಿ, "ಏನೇ, ಇವತ್ತು ಅರ್ಧ ಹೋಳಿಗೆಗೆ ಅಡ್ಡಿಯಿಲ್ಲ" ಎನ್ನುತ್ತಿದ್ದರು.

ಅವರ ಕೊನೆಯ ವರ್ಷಗಳಲ್ಲಿ ದ್ರಾವಣವು ವಾರವಾರವೂ ನೀಲಿಯಾಗಿಯೇ ಉಳಿಯತೊಡಗಿತು. ರೋಗವು ಹತೋಟಿಗೆ ಬಂದಿತೆಂದು ನಾವೆಲ್ಲ ಹಿಗ್ಗಿದೆವು. ಅಷ್ಟರಲ್ಲಿ ಅವರ ಪಾದಗಳು ಊದಿಕೊಂಡವು. ಬೆಳಗ್ಗೆ ಏಳುವಾಗ ಕಣ್ಣಿನ ಸುತ್ತ ಬಾವು ಕಾಣಿಸಿತು. ವೈದ್ಯರು ರಕ್ತವನ್ನು ಪರೀಕ್ಷೆ ಮಾಡಿಸಿದಾಗ ಎರಡು ಮೂತ್ರಪಿಂಡಗಳೂ ಬಹುಪಾಲು ಕೆಟ್ಟುಹೋಗಿದ್ದುವೆಂದು ತಿಳಿಯಿತು. ಮುಂದೆ ಎರಡು ವರ್ಷವೂ ಅವರು ನಮಗೆ ಉಳಿಯಲಿಲ್ಲ. ಹಾಗಾದರೆ ಆ ನೀಲಿ ಬಣ್ಣ ನಮಗೆ ಸುಳ್ಳು ಹೇಳಿತೆ?

ಈಗ ನನಗೂ ಐವತ್ತು ದಾಟಿದೆ. ತಂದೆಯ ರೋಗವು ಮಗನಿಗೂ ಬಂದಿದೆ. ವರ್ಷಕ್ಕೊಮ್ಮೆ ಕೈಗೆ ಬರುವ ಪರೀಕ್ಷೆಯ ವರದಿಯಲ್ಲಿ ಕ್ರಿಯಾಟಿನಿನ್, ಆಲ್ಬುಮಿನ್, ಇ-ಜಿ.ಎಫ್.ಆರ್. ಎಂಬ ಪದಗಳಿರುತ್ತವೆ. ನಾನು ಕನ್ನಡ ಪಾಠ ಹೇಳುವವನು. ಒಂದು ಪದ ಎದುರಾದರೆ ಅದು ಎಲ್ಲಿಂದ ಬಂದಿತೆಂದು ವಿಚಾರಿಸದೆ ಮುಂದಕ್ಕೆ ಹೋಗುವುದು ನಮ್ಮ ವೃತ್ತಿಗೆ ಒಪ್ಪದು. ಆದ್ದರಿಂದ ಈ ಪದಗಳ ಜಾಡನ್ನು ಹಿಡಿದು ಹೊರಟೆ. ಹಾದಿಯಲ್ಲಿ ಕಂಡುದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ನಮ್ಮ ಮನೆಯ ಮಾತು. 'ಮೇಹ'ವೆಂದರೆ ಮೂತ್ರದ ಹರಿವು; ಅದು ಮಿತಿಮೀರಿದರೆ 'ಪ್ರಮೇಹ'. ಚರಕ, ಸುಶ್ರುತ ಸಂಹಿತೆಗಳು ಇಪ್ಪತ್ತು ಬಗೆಯ ಪ್ರಮೇಹಗಳನ್ನು ಹೇಳುತ್ತವೆ: ಕಫದಿಂದ ಹತ್ತು, ಪಿತ್ತದಿಂದ ಆರು, ವಾತದಿಂದ ನಾಲ್ಕು. ಈ ಕೊನೆಯ ನಾಲ್ಕರಲ್ಲಿ ಒಂದು ಮಧುಮೇಹ. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಆ ಹಿರಿಯರು ಗಮನಿಸಿದ್ದರು. ಪ್ರಯೋಗಶಾಲೆಯಿಲ್ಲದ ಕಾಲದಲ್ಲಿ ಇರುವೆಯೇ ಸಾಕ್ಷಿ! ಹುಟ್ಟಿನಿಂದ ಬಂದ ಪ್ರಮೇಹ ಬೇರೆ, ಅಪಥ್ಯದಿಂದ ತಂದುಕೊಂಡ ಪ್ರಮೇಹ ಬೇರೆ ಎಂದು ಸುಶ್ರುತನು ವಿಂಗಡಿಸಿದ. ಕುಳಿತಲ್ಲೇ ಕುಳಿತಿರುವ ಸುಖ, ಅತಿನಿದ್ರೆ, ಮೊಸರು, ಹೊಸ ಧಾನ್ಯ, ಬೆಲ್ಲದ ಭಕ್ಷ್ಯಗಳು, ಇವು ರೋಗಕ್ಕೆ ಕಾರಣವೆಂದು ಚರಕನ ಮತ. ಜವೆಗೋದಿಯು ಪಥ್ಯ. ಹಣವಿಲ್ಲದ ರೋಗಿಯು ಭಿಕ್ಷಾನ್ನ ಉಣ್ಣುತ್ತ, ಕೊಡೆ ಕೆರಗಳಿಲ್ಲದೆ ನೂರು ಯೋಜನ ನಡೆಯಲಿ, ಇಲ್ಲವೆ ಬಾವಿ ತೋಡಲಿ ಎಂದು ಸುಶ್ರುತನ ಸಲಹೆ. ದಿನವೂ ನಡೆಯಿರಿ ಎಂದು ಇಂದಿನ ವೈದ್ಯರು ಹೇಳುವಾಗ ನಮಗೆ ಹೊಸದೆನಿಸಬೇಕಾದುದಿಲ್ಲ.

ಆದರೆ ಹೆಮ್ಮೆಯ ಜೊತೆಗೆ ಸತ್ಯವನ್ನೂ ಹೇಳಬೇಕು. ಮೂತ್ರಪಿಂಡಕ್ಕೆ ಸಂಸ್ಕೃತದಲ್ಲಿ 'ವೃಕ್ಕ'ವೆಂದು ಹೆಸರು. ಚರಕನು ಅದನ್ನು ಮೇದಸ್ಸಿನ, ಎಂದರೆ ಕೊಬ್ಬಿನ, ಸ್ರೋತಸ್ಸುಗಳಿಗೆ ಮೂಲವೆಂದು ಎಣಿಸಿದನೇ ಹೊರತು ಮೂತ್ರಕ್ಕೆ ಮೂಲವೆಂದಲ್ಲ. ಮೂತ್ರದ ಸ್ರೋತಸ್ಸುಗಳಿಗೆ ಅವನು ಹೇಳಿದ ಮೂಲ ಬಸ್ತಿ ಮತ್ತು ತೊಡೆಸಂದು. ಮೂತ್ರದ ಸಿಹಿಯನ್ನು ಕಂಡವರಿಗೂ ಅದನ್ನು ಸೋಸುವ ಅಂಗದ ಕೆಲಸ ಕಾಣಲಿಲ್ಲ. ಆ ಅರಿವಿಗೆ ಇನ್ನೂ ಬಹುಕಾಲ ಬೇಕಾಯಿತು.

ಪಶ್ಚಿಮದಲ್ಲಿ ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ವೈದ್ಯ ಅರೆಟೀಯಸನು ಈ ರೋಗದಲ್ಲಿ ಮೈಮಾಂಸವೇ ಕರಗಿ ಮೂತ್ರವಾಗಿ ಹರಿಯುತ್ತದೆಂದು ವರ್ಣಿಸಿದ. 1674ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್, ಮೂತ್ರವು ಜೇನು ಬೆರೆಸಿದಂತೆ ಸಿಹಿಯಾಗಿರುವುದೆಂದು ಬರೆದ. ಆ ಸಿಹಿ ನಿಜವಾಗಿ ಸಕ್ಕರೆಯೇ ಎಂದು ತೋರಿಸಿದವನು ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್. 1776ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವನು ಮೂತ್ರವನ್ನು ಇಂಗಿಸಿ ಉಳಿದ ಗಸಿಯು ಸಕ್ಕರೆಯಂತಿರುವುದನ್ನು ತಿಳಿಸಿದ; ರೋಗಿಯ ರಕ್ತದ ನೀರೂ ಸಿಹಿಯೆಂದು ಹೇಳಿದ. ದೋಷವು ರಕ್ತದಲ್ಲಿದೆ, ಮೂತ್ರವು ಅದರ ಸುದ್ದಿಯನ್ನು ಹೊರಗೆ ತರುವ ದೂತ ಮಾತ್ರ ಎಂಬುದಕ್ಕೆ ಇದು ಮೊದಲ ಸುಳಿವು.

ಇತ್ತ ಇನ್ನೊಂದು ಕಥೆ ಬೇರೆಯಾಗಿಯೇ ಸಾಗುತ್ತಿತ್ತು. 1764ರಲ್ಲಿ ಇಟಲಿಯ ಕೊತುನ್ಯೋ ಎಂಬ ವೈದ್ಯನು ಮೈ ಊದಿದ ಒಬ್ಬ ರೋಗಿಯ ಮೂತ್ರವನ್ನು ಕಾಯಿಸಿದಾಗ ಅದು ಮೊಟ್ಟೆಯ ಬಿಳಿಯಂತೆ ಗಟ್ಟಿಕಟ್ಟಿತೆಂದು ಬರೆದಿಟ್ಟ. ಅದರ ಅರ್ಥವನ್ನು ಬಿಡಿಸಿದವನು ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್. ಒಂದು ಚಮಚದಲ್ಲಿ ಮೂತ್ರ, ಕೆಳಗೆ ಮೇಣದ ಬತ್ತಿ, ಇಷ್ಟೇ ಅವನ ಉಪಕರಣ. ಮೈ ಊದಿದವರ ಮೂತ್ರ ಚಮಚದಲ್ಲಿ ಮೊಸರಾಗುವುದನ್ನು ಕಂಡ. ಅಂಥವರು ಸತ್ತ ಬಳಿಕ ದೇಹವನ್ನು ಕೊಯ್ದು ನೋಡಿದಾಗ ಮೂತ್ರಪಿಂಡಗಳು ವಿಕಾರಗೊಂಡಿರುವುದನ್ನೂ ಕಂಡ. 1827ರಲ್ಲಿ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ ಪ್ರಕಟಿಸಿದ. ಹೀಗೆ ಗಟ್ಟಿಕಟ್ಟುವ ವಸ್ತುವೇ ಆಲ್ಬುಮಿನ್, ರಕ್ತದಲ್ಲಿರುವ ಒಂದು ಸಸಾರಜನಕ. ಮೂತ್ರಪಿಂಡ ಚೆನ್ನಾಗಿದ್ದರೆ ಅದು ಸೋರಿಹೋಗದು.

ಏಕೆ ಸೋರದು? 1842ರಲ್ಲಿ ವಿಲಿಯಂ ಬೌಮನ್ ಎಂಬಾತ ಸೂಕ್ಷ್ಮದರ್ಶಕದಡಿಯಲ್ಲಿ ಮೂತ್ರಪಿಂಡದ ರಚನೆಯನ್ನು ಬಿಡಿಸಿ ತೋರಿಸಿದ. ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ಸೋಸಣಿಗೆಗಳುಂಟು. ಕೂದಲಿಗಿಂತ ತೆಳುವಾದ ರಕ್ತನಾಳಗಳ ಒಂದು ಗೊಂಚಲು, ಅದನ್ನು ಸುತ್ತಿದ ಒಂದು ಬಟ್ಟಲು, ಬಟ್ಟಲಿನಿಂದ ಹೊರಟ ಒಂದು ನಳಿಗೆ, ಇದು ಒಂದು ಸೋಸಣಿಗೆ. ರಕ್ತದ ಒತ್ತಡವೇ ನೀರನ್ನು ಸೋಸುತ್ತದೆಂದು ಅದೇ ಕಾಲದಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್ ಪ್ರತಿಪಾದಿಸಿದ. ಆರೋಗ್ಯವಂತನಲ್ಲಿ ದಿನಕ್ಕೆ ಸುಮಾರು 180 ಲೀಟರು ಸೋಸಿ ಬರುತ್ತದೆ. ನಳಿಗೆಗಳು ಅದರಲ್ಲಿ ಬೇಕಾದುದನ್ನೆಲ್ಲ ಹಿಂದಕ್ಕೆ ಹೀರಿಕೊಂಡು ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಡುತ್ತವೆ. ನಮ್ಮ ಹೆಂಗಸರು ಹಿಟ್ಟನ್ನು ಜರಡಿ ಹಿಡಿಯುವಾಗ ಹಿಟ್ಟು ಇಳಿದು ತೌಡು ಮೇಲೆ ನಿಲ್ಲುವುದಷ್ಟೆ. ಹಾಗೆಯೇ ಇಲ್ಲಿ ನೀರು, ಲವಣ, ಸಕ್ಕರೆಗಳು ಇಳಿಯುತ್ತವೆ. ಆಲ್ಬುಮಿನ್ ಮೇಲೆ ನಿಲ್ಲುತ್ತದೆ. ಜರಡಿಯ ಕಣ್ಣು ಹರಿದರೆ ತೌಡೂ ಇಳಿಯುತ್ತದೆ.

ಜರಡಿ ಹರಿದಿದೆಯೇ ಎಂಬುದು ಒಂದು ಪ್ರಶ್ನೆ. ಎಷ್ಟು ವೇಗವಾಗಿ ಸೋಸುತ್ತಿದೆ ಎಂಬುದು ಇನ್ನೊಂದು. ಮೂತ್ರಪಿಂಡಗಳನ್ನು ತೆಗೆದರೆ ಪ್ರಾಣಿಯ ರಕ್ತದಲ್ಲಿ ಯೂರಿಯಾ ಎಂಬ ಕಸವು ತುಂಬಿಕೊಳ್ಳುವುದೆಂದು 1821ರಲ್ಲಿಯೇ ಪ್ರೆವೋ ಮತ್ತು ದ್ಯೂಮಾ ತೋರಿಸಿದ್ದರು. ಆದರೆ ಯೂರಿಯಾ ಊಟಕ್ಕೆ ತಕ್ಕಂತೆ ಏರಿಳಿಯುವುದರಿಂದ ಅಷ್ಟು ನಂಬಿಕೆಯ ಸಾಕ್ಷಿಯಲ್ಲ. ಇನ್ನೊಂದು ಕಸ ಕ್ರಿಯಾಟಿನಿನ್. ಇದು ನಮ್ಮ ಸ್ನಾಯುಗಳಿಂದ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹುಟ್ಟುತ್ತದೆ. 1847ರಲ್ಲಿ ಲೀಬಿಗ್ ಅದಕ್ಕೆ ಹೆಸರಿಟ್ಟ. ಪಿಕ್ರಿಕ್ ಆಮ್ಲದೊಡನೆ ಅದು ಕಿತ್ತಳೆಗೆಂಪು ಬಣ್ಣ ತಾಳುವುದನ್ನು 1886ರಲ್ಲಿ ಮಾಕ್ಸ್ ಯಾಫೆ ಕಂಡುಹಿಡಿದ. ಆ ಬಣ್ಣವನ್ನು ಅಳೆದು ಪ್ರಮಾಣ ತಿಳಿಯುವ ಕ್ರಮವನ್ನು 1904ರಲ್ಲಿ ಓಟೋ ಫೋಲಿನ್ ರೂಢಿಗೆ ತಂದ. 1926ರಲ್ಲಿ ಡೆನ್ಮಾರ್ಕಿನ ರೇಬರ್ಗ್ ಕ್ರಿಯಾಟಿನಿನ್ನಿನಿಂದ ಸೋಸುವ ವೇಗವನ್ನು ಲೆಕ್ಕ ಹಾಕಿದ. ಯಾಫೆಯ ಬಣ್ಣದ ಕ್ರಮವು ಇಂದಿಗೂ ಅನೇಕ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿದೆ.

ಇನ್ನು ಸಿಹಿಯ ಕಥೆಯೂ ಸೋಸಣಿಗೆಯ ಕಥೆಯೂ ಕೂಡಿದ್ದು ಹೇಗೆ? 1921ರಲ್ಲಿ ಕೆನಡಾದ ಟೊರೊಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಸಂಗಡಿಗರು ಇನ್ಸುಲಿನ್ನನ್ನು ಪಡೆದರು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗನಿಗೆ ಅದನ್ನು ಮೊದಲು ಚುಚ್ಚಲಾಯಿತು. ಅದುವರೆಗೆ ಈ ರೋಗ ಹಿಡಿದ ಮಕ್ಕಳು ಬಹುಕಾಲ ಬದುಕುತ್ತಿರಲಿಲ್ಲ. ಇನ್ಸುಲಿನ್ ಬಂದ ಮೇಲೆ ಮಧುಮೇಹಿಗಳು ಹತ್ತು, ಇಪ್ಪತ್ತು, ಮೂವತ್ತು ವರ್ಷ ಬಾಳತೊಡಗಿದರು. ಬಾಳಿದ್ದರಿಂದಲೇ ರೋಗದ ಇನ್ನೊಂದು ಮುಖ ಎದ್ದು ಕಂಡಿತು. 1936ರಲ್ಲಿ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಎಂಬಿಬ್ಬರು, ದೀರ್ಘಕಾಲದ ಮಧುಮೇಹಿಗಳ ಸೋಸಣಿಗೆಯ ಗೊಂಚಲುಗಳಲ್ಲಿ ಗಂಟುಗಂಟಾದ ವಿಕಾರವನ್ನು ವರ್ಣಿಸಿದರು. ಬ್ರೈಟನ ಚಮಚವೂ ಸುಶ್ರುತನ ಇರುವೆಯೂ ಒಂದೇ ರೋಗಿಯ ಮುಂದೆ ಸಂಧಿಸಿದ್ದು ಹೀಗೆ.

ಈಗ ನಮ್ಮ ತಂದೆಯವರ ನೀಲಿ ದ್ರಾವಣಕ್ಕೆ ಬರೋಣ. ಅದು ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟನ ಹೆಸರಿನಿಂದ ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಬಳಕೆಗೆ ಬಂದ ತಾಮ್ರದ ಲವಣದ ದ್ರಾವಣ. ಅದು ಅಳೆಯುವುದು ಸಕ್ಕರೆಯನ್ನು, ಆಲ್ಬುಮಿನ್ನನ್ನಲ್ಲ. ಅಲ್ಲದೆ ರಕ್ತದ ಸಕ್ಕರೆ ಸಾಮಾನ್ಯವಾಗಿ 180 ಮಿಲಿಗ್ರಾಂ ದಾಟಿದ ಮೇಲೆಯೇ ಮೂತ್ರದಲ್ಲಿ ಕಾಣಿಸುತ್ತದೆ. ವಯಸ್ಸಾದಂತೆ, ಮೂತ್ರಪಿಂಡ ಕೆಟ್ಟಂತೆ, ಈ ಮಿತಿಯು ಇನ್ನೂ ಮೇಲಕ್ಕೆ ಹೋಗಬಹುದು. ಆಗ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ದ್ರಾವಣ ನೀಲಿಯಾಗಿಯೇ ಉಳಿದೀತು. ಇನ್ನೊಂದೂ ಉಂಟು. ಇನ್ಸುಲಿನ್ನಿನ ಒಂದು ಭಾಗವನ್ನು ಕರಗಿಸುವುದು ಮೂತ್ರಪಿಂಡದ ಕೆಲಸ. ಅದು ಸೋತಾಗ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ನಿಂತು ಸಕ್ಕರೆ ತಾನಾಗಿಯೇ ಇಳಿಯಬಹುದು. ಹೊರಗಿನವರಿಗೆ ಅದು ಗುಣವಾದಂತೆ ಕಾಣುತ್ತದೆ. ನಮ್ಮ ಮನೆಯಲ್ಲಿ ಈ ಎರಡರಲ್ಲಿ ಯಾವುದು ಹೆಚ್ಚೋ, ಅಂತೂ ನಾವು ಹಿಗ್ಗಿದ ಭಾನುವಾರಗಳು ಹಿಗ್ಗುವ ಭಾನುವಾರಗಳಾಗಿರಲಿಲ್ಲ. ದ್ರಾವಣ ಸುಳ್ಳು ಹೇಳಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ನಾವು ಕೇಳಿರಲಿಲ್ಲ.

ಆ ಪ್ರಶ್ನೆಯನ್ನು ಬೇಗನೆ ಕೇಳುವ ಬಗೆಯನ್ನು ಕಂಡವರು ಮತ್ತೆ ಬ್ರೈಟನ ಗೈಸ್ ಆಸ್ಪತ್ರೆಯವರೇ ಎಂಬುದು ಇತಿಹಾಸದ ಸ್ವಾರಸ್ಯ. ಚಮಚದಲ್ಲಿ ಮೊಸರಾಗಬೇಕಾದರೆ ಆಲ್ಬುಮಿನ್ ಬಹಳ ಸೋರಬೇಕು. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ. 1963ರಲ್ಲಿ ಹ್ಯಾರಿ ಕೀನ್ ಮತ್ತು ಕ್ಲೋವೆರಾಕಿಸ್ ಎಂಬವರು ಅತ್ಯಲ್ಪ ಪ್ರಮಾಣದ ಆಲ್ಬುಮಿನ್ನನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದರು. ಹೀಗೆ ತೊಟ್ಟಿಕ್ಕುವ ಸೋರಿಕೆಯೇ ಮುಂದಿನ ಕೇಡಿನ ಮುನ್ಸೂಚನೆಯೆಂದು 1980ರ ದಶಕದಲ್ಲಿ ಇಂಗ್ಲೆಂಡ್, ಡೆನ್ಮಾರ್ಕುಗಳ ವೈದ್ಯರು ತೋರಿಸಿದರು.

ಇಷ್ಟು ತಿಳಿದ ಮೇಲೆ ವರದಿಯನ್ನು ಓದುವುದು ಕಷ್ಟವಲ್ಲ. ನೋಡಬೇಕಾದುವು ಎರಡು. ಮೊದಲನೆಯದು ಮೂತ್ರದ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್‌ಗಳ ಅನುಪಾತ, ಎ.ಸಿ.ಆರ್. ಎಂದು ಬರೆದಿರುತ್ತಾರೆ. ಒಂದು ಗ್ರಾಂ ಕ್ರಿಯಾಟಿನಿನ್ನಿಗೆ 30 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಸರಿ. 30ರಿಂದ 300 ಎಚ್ಚರಿಕೆ. 300ನ್ನು ಮೀರಿದರೆ ಸೋರಿಕೆ ಬಲವಾಗಿದೆ. ಬೆಳಗಿನ ಮೊದಲ ಮೂತ್ರ ಉತ್ತಮ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಅತಿಶ್ರಮ, ಇವುಗಳಿಂದಲೂ ಅಂಕಿ ಏರಬಹುದಾದ್ದರಿಂದ ಒಮ್ಮೆ ಹೆಚ್ಚಾದರೆ ಎದೆಗುಂದಬೇಡಿ. ಮೂರರಿಂದ ಆರು ತಿಂಗಳೊಳಗೆ ಮೂರು ಸಲ ನೋಡಿ, ಎರಡು ಸಲವಾದರೂ ಹೆಚ್ಚಿದ್ದರೆ ಮಾತ್ರ ವೈದ್ಯರು ನಿರ್ಧರಿಸುತ್ತಾರೆ.

ಎರಡನೆಯದು ರಕ್ತದ ಕ್ರಿಯಾಟಿನಿನ್ನಿನಿಂದ ಲೆಕ್ಕ ಹಾಕಿದ ಸೋಸುವ ವೇಗ, ಇದೇ ಇ-ಜಿ.ಎಫ್.ಆರ್. 90 ಮತ್ತು ಅದಕ್ಕೂ ಮೇಲೆ ಚೆನ್ನ. 60ಕ್ಕಿಂತ ಕೆಳಗೆ ಮೂರು ತಿಂಗಳಿಗೂ ಮೀರಿ ನಿಂತರೆ ಮೂತ್ರಪಿಂಡದ ದೀರ್ಘರೋಗ. 15ಕ್ಕಿಂತ ಕೆಳಗಾದರೆ ರಕ್ತಶುದ್ಧಿಯ ಯಂತ್ರದ, ಎಂದರೆ ಡಯಾಲಿಸಿಸಿನ, ಮಾತು ಬರುತ್ತದೆ. ಬರಿಯ ಕ್ರಿಯಾಟಿನಿನ್ನಿನ ಅಂಕಿಯನ್ನು ಮಾತ್ರ ನೋಡಿ ಸಮಾಧಾನ ಪಡಬಾರದು. ನಮ್ಮ ಶಾಲೆಯ ಮೂವತ್ತು ವರ್ಷದ ವ್ಯಾಯಾಮ ಶಿಕ್ಷಕರಿಗೂ ಎಪ್ಪತ್ತು ವರ್ಷದ ನಮ್ಮ ಚಿಕ್ಕಮ್ಮನಿಗೂ ಒಮ್ಮೆ ಕ್ರಿಯಾಟಿನಿನ್ 1.2 ಎಂದೇ ಬಂದಿತ್ತು. 2021ರಿಂದ ರೂಢಿಯಲ್ಲಿರುವ ಸೂತ್ರದಂತೆ ಲೆಕ್ಕ ಹಾಕಿದರೆ ಅವರ ವೇಗ ಸುಮಾರು 83. ಚಿಕ್ಕಮ್ಮನದು ಸುಮಾರು 49! ವಯಸ್ಸಾದ ಹೆಂಗಸಿನ ಮೈಯಲ್ಲಿ ಸ್ನಾಯು ಕಡಿಮೆ, ಹುಟ್ಟುವ ಕ್ರಿಯಾಟಿನಿನ್ನೂ ಕಡಿಮೆ; ಆದರೂ ರಕ್ತದಲ್ಲಿ ಅಷ್ಟೇ ನಿಂತಿದೆಯೆಂದರೆ ಹೊರಹಾಕುವ ಕೆಲಸ ನಿಧಾನವಾಗಿದೆಯೆಂದು ಅರ್ಥ. "ಅಂಕಿ ಒಂದೇ ತಾನೆ, ನನಗೇನಾಗಿದೆ?" ಎಂದು ಚಿಕ್ಕಮ್ಮ ನಕ್ಕಿದ್ದರು. ಆ ದಿನ ನಾನು ನಗಲಿಲ್ಲ. ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದೆ.

ಇನ್ನು ಪಥ್ಯದ ವಿಷಯ. ಇದರ ಇತಿಹಾಸವೂ ವಿಚಿತ್ರವೇ. 1870-71ರಲ್ಲಿ ಪ್ಯಾರಿಸ್ ನಗರಕ್ಕೆ ಮುತ್ತಿಗೆ ಬಿದ್ದು ಅನ್ನಕ್ಕೆ ಅಳತೆ ಬಂದಾಗ, ತನ್ನ ರೋಗಿಗಳ ಮೂತ್ರದಿಂದ ಸಕ್ಕರೆ ಮಾಯವಾದುದನ್ನು ಬುಷಾರ್ದಾ ಎಂಬ ವೈದ್ಯ ಕಂಡ. ಮಿತಾಹಾರದ ಗುಣವನ್ನು ಬರಗಾಲವೇ ಕಲಿಸಿತು. 1940ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಾಲ್ಟರ್ ಕೆಂಪ್ನರ್, ಮೂತ್ರಪಿಂಡ ಕೆಟ್ಟವರಿಗೆ ಅನ್ನ ಮತ್ತು ಹಣ್ಣುಗಳನ್ನೇ ಆಹಾರವಾಗಿ ಕೊಟ್ಟ. ನಾವು ಅನ್ನವನ್ನು ಕಂಡು ಹೆದರುವಾಗ ಅವನು ಅನ್ನವನ್ನೇ ಔಷಧ ಮಾಡಿದ! ಅದರ ಬಲವಿದ್ದುದು ಉಪ್ಪು ಮತ್ತು ಸಸಾರಜನಕ ಅತಿ ಕಡಿಮೆಯಿದ್ದುದರಲ್ಲಿ. ವೈದ್ಯರ ಕಣ್ಗಾವಲಿಲ್ಲದೆ ಯಾರೂ ಮಾಡಬಾರದ ಕಠಿನ ವ್ರತವದು. ಇಟಲಿಯ ಜೊರ್ದಾನೊ 1963ರಲ್ಲಿ, ಜೊವಾನ್ನೆತ್ತಿ 1964ರಲ್ಲಿ, ಸಸಾರಜನಕವನ್ನು ಅಳೆದು ಕೊಡುವ ಪಥ್ಯವನ್ನು ಪ್ರಕಟಿಸಿದರು. ಯಂತ್ರದ ಸೌಲಭ್ಯ ವಿರಳವಾಗಿದ್ದ ಕಾಲದಲ್ಲಿ ರೋಗಿಯ ಸಂಕಟವನ್ನು ತಗ್ಗಿಸಲು ಅದು ಒಂದು ಊರುಗೋಲಾಯಿತು.

ಈ ಎಲ್ಲದರಿಂದ ನಮ್ಮ ಅಡುಗೆಮನೆಗೆ ಉಳಿದುದೇನು? ಮೊದಲನೆಯದು ಉಪ್ಪು. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಎಂದರೆ ಒಂದು ಚಹಾ ಚಮಚದಷ್ಟು ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಗಳಲ್ಲಿ ಅಡಗಿರುವ ಉಪ್ಪನ್ನು ಲೆಕ್ಕಕ್ಕೆ ಹಿಡಿಯದೆ, ಸಾರಿಗೆ ಹಾಕುವ ಚಿಟಿಕೆಯನ್ನು ಮಾತ್ರ ಕಡಿಮೆ ಮಾಡಿ ಪ್ರಯೋಜನವಿಲ್ಲ. ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪಿನಲ್ಲಿ ಅದರ ಬದಲು ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ಕೆಟ್ಟವರು ಕೇಳದೆ ಅದನ್ನು ಮುಟ್ಟಬಾರದು.

ಎರಡನೆಯದು ಸಸಾರಜನಕ. ಯಂತ್ರದ ಚಿಕಿತ್ಸೆ ಇನ್ನೂ ಬೇಕಾಗದವರಿಗೆ ದೇಹದ ತೂಕದ ಪ್ರತಿ ಕಿಲೋವಿಗೆ ದಿನಕ್ಕೆ 0.8 ಗ್ರಾಂ ಎಂದು ಸಾಮಾನ್ಯ ಲೆಕ್ಕ. 60 ಕಿಲೋ ತೂಗುವವರಿಗೆ 48 ಗ್ರಾಂ. ನೂರು ಗ್ರಾಂ ಒಣ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ, ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ. ಅತಿಯಾಗಿ ತಿನ್ನಬೇಡಿ, ಸಸಾರಜನಕದ ಪುಡಿಗಳನ್ನು ಕುಡಿಯಬೇಡಿ ಎಂಬುದು ಇದರ ತಾತ್ಪರ್ಯವೇ ಹೊರತು ಬೇಳೆಯನ್ನೇ ಬಿಡಿ ಎಂದಲ್ಲ. ಹೆದರಿ ಎಲ್ಲವನ್ನೂ ಬಿಟ್ಟವರು ಮೈ ಕರಗಿ ಸೋಲುತ್ತಾರೆ. ಡಯಾಲಿಸಿಸ್ ನಡೆಯುತ್ತಿರುವವರಿಗಂತೂ ಲೆಕ್ಕ ತಿರುಗಿ, ಹೆಚ್ಚು ಸಸಾರಜನಕ ಬೇಕಾಗುತ್ತದೆ.

ಮೂರನೆಯದು ಪೊಟ್ಯಾಸಿಯಂ. ಎಳನೀರು, ಬಾಳೆಹಣ್ಣು, ಟೊಮೇಟೊ, ಸೊಪ್ಪುಗಳಲ್ಲಿ ಇದು ಹೇರಳ. ರಕ್ತದಲ್ಲಿ ಇದು ಏರಿದೆಯೆಂದು ಪರೀಕ್ಷೆ ಹೇಳಿದವರು ಮಾತ್ರ ಇವನ್ನು ಮಿತಿಗೊಳಿಸಬೇಕು. ತರಕಾರಿಯನ್ನು ಹೆಚ್ಚಿ, ಬಹಳ ನೀರಿನಲ್ಲಿ ಬೇಯಿಸಿ, ನೀರನ್ನು ಬಸಿದು ಚೆಲ್ಲಬೇಕು. ಏರದವರು ಸುಮ್ಮನೆ ಸೊಪ್ಪು ಹಣ್ಣು ಬಿಡುವುದು ನಷ್ಟ. ನಕ್ಷತ್ರದ ಆಕಾರದ ದಾರೆಹುಳಿಯನ್ನು ಮಾತ್ರ ಮೂತ್ರಪಿಂಡದ ರೋಗಿಗಳು ಎಂದೂ ತಿನ್ನಬಾರದು. ಅದರಲ್ಲಿರುವ ವಿಷಾಂಶ ಮಿದುಳಿಗೆ ಏರಿ ಅಪಾಯ ತರುತ್ತದೆ. ಮಂಡಿನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದೂ ಅಪಥ್ಯವೇ. ಚಿಕ್ಕಮ್ಮನ ಪೆಟ್ಟಿಗೆಯಲ್ಲಿ ಅಂಥ ಎರಡು ಪಟ್ಟಿ ಸಿಕ್ಕವು.

ಔಷಧಗಳೂ ಸುಮ್ಮನಿಲ್ಲ. ರಕ್ತದೊತ್ತಡಕ್ಕೆ ಕೊಡುವ ಒಂದು ಬಗೆಯ ಮಾತ್ರೆ ಸೋಸಣಿಗೆಯನ್ನೂ ಕಾಪಾಡುವುದೆಂದು 1993ರಲ್ಲಿ ಸಿದ್ಧವಾಯಿತು. 1835ರಲ್ಲಿ ಸೇಬಿನ ಮರದ ತೊಗಟೆಯಿಂದ ತೆಗೆದ ಫ್ಲೋರಿಜಿನ್ ಎಂಬ ಕಹಿವಸ್ತು ನಾಯಿಯ ಮೂತ್ರದಲ್ಲಿ ಸಕ್ಕರೆ ಹರಿಸುವುದೆಂದು 1886ರಲ್ಲಿ ಫಾನ್ ಮೇರಿಂಗ್ ಕಂಡಿದ್ದ. ಅದೇ ಹಾದಿ ಹಿಡಿದು ಬಂದ ಮಾತ್ರೆಗಳು ಮೂತ್ರಪಿಂಡದ ಸವೆತವನ್ನು ನಿಧಾನಗೊಳಿಸುತ್ತವೆಂದು 2019ರ ದೊಡ್ಡ ಪ್ರಯೋಗವೊಂದು ತೋರಿಸಿತು. ಮೂತ್ರದಲ್ಲಿ ಸಕ್ಕರೆ ಕಂಡರೆ ನಮ್ಮ ಮನೆ ಮೌನವಾಗುತ್ತಿತ್ತು. ಇಂದು ಈ ಮಾತ್ರೆ ನುಂಗುವವರ ಮೂತ್ರದಲ್ಲಿ ಸಕ್ಕರೆ ಇರುವುದೇ ಸಹಜ. ಕಾಲದ ಮಹಿಮೆ!

ಆದರೆ ಇವೆಲ್ಲ ಫಲ ಕೊಡುವುದು ಸೋರಿಕೆ ತೊಟ್ಟಿಕ್ಕುವಾಗಲೇ ಕಂಡುಹಿಡಿದರೆ. ಮೊದಲ ವರ್ಷಗಳಲ್ಲಿ ಈ ರೋಗಕ್ಕೆ ನೋವಿಲ್ಲ, ಬಾವಿಲ್ಲ, ಸದ್ದಿಲ್ಲ. ಮಧ್ಯವಯಸ್ಸಿನಲ್ಲಿ ಮಧುಮೇಹ ಬಂದವರು ಅದು ತಿಳಿದ ದಿನದಿಂದಲೇ, ಎಳವೆಯಲ್ಲಿ ಬಂದವರು ಐದು ವರ್ಷದ ಮೇಲೆ, ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್ನನ್ನೂ ರಕ್ತದ ಕ್ರಿಯಾಟಿನಿನ್ನನ್ನೂ ಪರೀಕ್ಷಿಸಿಕೊಳ್ಳಬೇಕು. ಎರಡೂ ಬೇಕು, ಒಂದಿದ್ದರೆ ಸಾಲದು.

ತಂದೆಯವರ ಸ್ಪಿರಿಟ್ ದೀಪ ಇಂದಿಗೂ ನಮ್ಮ ಮನೆಯ ಗೂಡಿನಲ್ಲಿದೆ. ವರದಿ ಬಂದ ದಿನ ಅದರ ಪಕ್ಕದಲ್ಲಿ ಕುಳಿತು ಎರಡು ಅಂಕಿಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತೇನೆ. ಹಿಂದಿನ ವರ್ಷದ ಸಾಲಿನ ಕೆಳಗೆ ಈ ವರ್ಷದ ಸಾಲು. ಚಿಕ್ಕಮ್ಮನಿಗೂ ಒಂದು ಪುಟವಿದೆ. ಎರಡು ವರ್ಷದಿಂದ ಅವರ ಅಂಕಿ ಹೆಚ್ಚು ಇಳಿದಿಲ್ಲ. ನಿಮ್ಮ ಮನೆಯಲ್ಲಿಯೂ ಮಧುಮೇಹಿಗಳಿದ್ದರೆ ಅವರಿಗೂ ಹೀಗೊಂದು ಪುಟವನ್ನು ತೆರೆಯಿರಿ. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಅದು ನಿಮ್ಮ ಕೈಯಲ್ಲಿರಲಿ.